ಟ್ರಾಲಿ ಬಾರದ ಮಂಚ

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಇನ್ನೊಂದು ನೋಟಿಸು ಬರುತ್ತದೆ. ಒಂದು ಬಂದಿದೆ, ಸಾಕು. ಜಿಲ್ಲೆಯಲ್ಲಿ ಎಲ್ಲೋ ಒಂದು ಕಡೆ ಇರುವ ಟ್ರಸ್ಟಿನ ಆಸ್ಪತ್ರೆ ಎಂದುಕೊಳ್ಳಿ. ಗೇಟಿನ ಕಮಾನಿನ ಮೇಲೆ ಸೇವೆಯ ಬಗ್ಗೆ ದೊಡ್ಡ ಅಕ್ಷರದಲ್ಲಿ ಏನೋ ಬರೆಸಿದ್ದಾರೆ. ಇಪ್ಪತ್ತೆರಡು ವರ್ಷ ಅದರ ಕೆಳಗೆ ಓಡಾಡಿದ್ದೇನೆ. ಒಂದು ದಿನವೂ ತಲೆ ಎತ್ತಿ ಪೂರ್ತಿ ಓದಿಲ್ಲ.

ನನ್ನ ಹೆಸರು ಅನಸೂಯ. ಆ ಆಸ್ಪತ್ರೆಯ ಸರ್ಜಿಕಲ್ ವಾರ್ಡುಗಳಿಗೆ ಹೆಡ್ ನರ್ಸ್ ಆಗಿದ್ದೆ. ಈಗ ಅಮಾನತಿನಲ್ಲಿದ್ದೇನೆ. ಯಾಕೆ ಅಂತ ಊರೆಲ್ಲ ಒಂದೊಂದು ಮಾತಾಡುತ್ತಿದೆ. ಗಂಡಸನ್ನು ಹೆಂಗಸರ ವಾರ್ಡಿಗೆ ನುಗ್ಗಿಸಿದಳಂತೆ, ದೊಡ್ಡ ಡಾಕ್ಟರಿಗೆ ಎದುರು ಮಾತಾಡಿದಳಂತೆ, ತಲೆ ಕೆಟ್ಟಿದೆಯಂತೆ. ತಲೆ ಕೆಟ್ಟಿದ್ದು ನಿಜ. ಆದರೆ ಅದು ಕೆಡುವುದಕ್ಕೆ ಮುಂಚೆ ನಾನು ಏನು ಮಾಡಿದೆ ಅನ್ನುವುದನ್ನು ಯಾರೂ ಕೇಳುತ್ತಿಲ್ಲ.

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅವಳು ಆಟೋದಲ್ಲಿ ಬಂದಳು. ಜೊತೆಗೆ ಯಾರೂ ಇರಲಿಲ್ಲ. ಆಟೋದವನು ಇಳಿಸಲು ಕೈ ಕೊಡಲಿಲ್ಲ, ಸೀಟು ಒದ್ದೆಯಾಯಿತೆಂದು ಗೊಣಗಿದ. ಅವಳೇ ಕಂಬಿ ಹಿಡಿದು ಇಳಿದಳು. ಬಲಗಾಲು ತೊಡೆಯಿಂದ ಮೀನಖಂಡದವರೆಗೆ ಬೆಂದಿತ್ತು. ಹಸಿರು ಚೂಡಿದಾರದ ಪ್ಯಾಂಟು ಚರ್ಮಕ್ಕೆ ಅಂಟಿಕೊಂಡಿತ್ತು. ಗಲ್ಲದ ಮೇಲೆ ಎರಡು ದಿನದ ಗಡ್ಡ, ಕಿವಿಯಲ್ಲಿ ಸಣ್ಣ ಜುಮುಕಿ. ವಯಸ್ಸು ಹತ್ತೊಂಬತ್ತು.

ಊರು ದಿಬ್ಬೂರಹಳ್ಳಿ. ಶಿಡ್ಲಘಟ್ಟದ ಒಂದು ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಕುದಿನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿದು ರಾಟೆಗೆ ಕೊಡಬೇಕು. ದಿನಕ್ಕೆ ಹತ್ತು ತಾಸು ನಿಂತೇ ಇರಬೇಕು. ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕಾಗಿದ್ದವು. ಆ ಬೆಳಿಗ್ಗೆ ಅವಳು ಮೊದಲ ಸಲ ಚೂಡಿದಾರ ಹಾಕಿಕೊಂಡು ಕೆಲಸಕ್ಕೆ ಹೋಗಿದ್ದಳು. ಜೊತೆಯಲ್ಲಿ ದುಡಿಯುವ ಮೂವರು ಗಂಡಸರು ಹಿಂದಿನಿಂದ ಬಂದು ವೇಲು ಹಿಡಿದು ಎಳೆದರು. ತಮಾಷೆಗಂತೆ. ಅವಳು ತಿರುಗುವಾಗ ಕಾಲು ಜಾರಿ, ಕುದಿನೀರಿನ ಪಾತ್ರೆ ಮೈಮೇಲೆ ಮಗುಚಿತು.

ಚೀಟಿ ಬರೆಯುವ ಕಿಟಕಿಯಲ್ಲಿ ಹೆಸರು ಕೇಳಿದರು.

"ಬಿಂದುಶ್ರೀ ಅಂತ ಬರ್ಕೊಳ್ಳಿ."

"ಆಧಾರ್ ಕೊಡು."

ಆಧಾರಿನಲ್ಲಿ ಮುನೇಶ್ ಎಂದಿತ್ತು. ಮುನೇಶ್, ಪುರುಷ ಎಂದು ಬರೆದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ನನ್ನ ಮುಖ ನೋಡಿದಳು. "ಬಾಪ್ಪ ಮುನೇಶ" ಎಂದು ನಾನೂ ಕರೆದೆ.

ಮೊದಲ ದಿನ ಎಮರ್ಜೆನ್ಸಿಯಲ್ಲಿ ಗಾಯ ತೊಳೆದು ಸರಿಯಾಗಿಯೇ ಕಟ್ಟಿದರು. ಗಾಯ ಸ್ವಚ್ಛವಾಗಿತ್ತು. ಅದನ್ನು ನಾನೇ ನೋಡಿದ್ದೇನೆ, ಕೇಸ್ ಶೀಟಿನಲ್ಲಿ ನಾನೇ ಬರೆದಿದ್ದೇನೆ. ಆಮೇಲೆ ಎಲ್ಲಿ ಮಲಗಿಸುವುದು ಅನ್ನುವ ತಕರಾರು ಶುರುವಾಯಿತು. ಗಂಡಸರ ವಾರ್ಡಿನವರು ಬೇಡ ಎಂದರು. ಹೆಂಗಸರ ವಾರ್ಡು ಅಂತ ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಆಡಳಿತ ನೋಡಿಕೊಳ್ಳುವ ಡಾಕ್ಟರ್ ಮುರಳಿಮೋಹನ್ ಕಾರಿಡಾರಿನ ಕೊನೆ ತೋರಿಸಿದರು. ಮೆಟ್ಟಿಲ ಕೆಳಗೆ, ನೆಲ ಒರೆಸುವ ಬಕೆಟ್ಟು ಇಡುವ ಜಾಗ. ಬಕೆಟ್ಟು ಸರಿಸಿ ಮಂಚ ಹಾಕಿದರು. ಸಂಜೆ ಬಕೆಟ್ಟುಗಳು ವಾಪಸು ಬಂದವು, ಮಂಚದ ಕಾಲಿಗೆ ತಾಗಿಕೊಂಡು ಕೂತವು.

ಈಗ ನನ್ನ ಕೆಲಸದ ಬಗ್ಗೆ ಹೇಳಬೇಕು.

ಡ್ರೆಸ್ಸಿಂಗ್ ಟ್ರಾಲಿಗೆ ಒಂದು ಕ್ರಮವಿದೆ. ನರ್ಸಿಂಗ್ ಓದುವ ಮೊದಲ ವರ್ಷವೇ ಅದನ್ನು ಕಲಿಸುತ್ತಾರೆ. ಸ್ವಚ್ಛ ಗಾಯ ಮೊದಲು, ಕೀವಿನ ಗಾಯ ಕೊನೆಗೆ. ಕೀವು ಮುಟ್ಟಿದ ಕೈ ಹೊಸ ಹೊಲಿಗೆಯ ಹತ್ತಿರ ಹೋಗಬಾರದು. ಒಳ್ಳೆಯ ನಿಯಮ. ಎಷ್ಟೋ ಜೀವ ಉಳಿಸಿದೆ. ಯಾರ ಹತ್ತಿರ ಮೊದಲು, ಯಾರ ಹತ್ತಿರ ಆಮೇಲೆ ಎಂದು ದಿನಾ ಬೆಳಿಗ್ಗೆ ಪಟ್ಟಿ ಬರೆಯುವುದು ಹೆಡ್ ನರ್ಸ್. ಅಂದರೆ ನಾನು.

ಮಂಗಳವಾರದ ಪಟ್ಟಿಯಲ್ಲಿ ಇಪ್ಪತ್ತಮೂರು ಮಂದಿ ಇದ್ದರು. ಅವಳನ್ನು ಇಪ್ಪತ್ತಮೂರನೆಯದಾಗಿ ಬರೆದೆ. ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತವರೂ ಅವಳಿಗಿಂತ ಮುಂದೆ ಇದ್ದರು. ಯಾರೂ ನನಗೆ ಹಾಗೆ ಬರೆಯಲು ಹೇಳಿರಲಿಲ್ಲ. ಕೈ ತಾನಾಗಿ ಹಾಗೆ ಬರೆಯಿತು ಎಂದು ಹೇಳಬಹುದು. ಅದು ಸುಳ್ಳು. ಕೈ ತಾನಾಗಿ ಏನನ್ನೂ ಬರೆಯುವುದಿಲ್ಲ.

ಬೆಳಗಿನ ಪಾಳಿ ಎರಡು ಗಂಟೆಗೆ ಮುಗಿಯುತ್ತದೆ. ಇಪ್ಪತ್ತೆರಡು ಮಂದಿ ಮುಗಿಯುವಷ್ಟರಲ್ಲಿ ಒಂದೂಮುಕ್ಕಾಲು. ಟ್ರಾಲಿ ಬೆಳಗಿನವರದು, ಮಧ್ಯಾಹ್ನ ಬರುವವರು ಅದನ್ನು ಮುಟ್ಟುವುದಿಲ್ಲ. ಆ ದಿನ ಟ್ರಾಲಿ ಕಾರಿಡಾರಿನ ಕೊನೆಗೆ ಹೋಗಲಿಲ್ಲ. ವಾರ್ಡಿನ ಅಟೆಂಡರ್ ಚಲಪತಿ ಒಂದು ಸುರುಳಿ ಬ್ಯಾಂಡೇಜು ಬಟ್ಟೆ, ಒಂದು ಟ್ಯೂಬು ಮುಲಾಮು ತೆಗೆದುಕೊಂಡು ಹೋಗಿ ಅವಳ ಮಂಚದ ಮೇಲೆ ಎಸೆದು ಬಂದ.

"ತಗೋ, ನೀನೇ ಹಚ್ಕೋ. ಓಲೆ ಹಾಕ್ಕೊಳ್ಳೋಕೆ ಬರುತ್ತೆ, ಇದು ಬರಲ್ವಾ?"

ವಾರ್ಡಿನ ಬಾಗಿಲಲ್ಲಿದ್ದವರು ನಕ್ಕರು. ನಾನು ಕೈ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಲಿಲ್ಲ, ಅವನನ್ನು ಬೈಯಲೂ ಇಲ್ಲ.

ಬುಧವಾರವೂ ಪಟ್ಟಿಯ ಕೊನೆ. ಗುರುವಾರವೂ ಕೊನೆ. ಮೂರು ದಿನ ಟ್ರಾಲಿ ಅಲ್ಲಿಗೆ ಹೋಗಲಿಲ್ಲ. ಆದರೆ ನೋಡುವವರು ಹೋದರು. ಆ ಮೂಲೆಗೆ ಇಷ್ಟು ಜನ ಹೋಗುವುದನ್ನು ನಾನು ಎಂದೂ ನೋಡಿರಲಿಲ್ಲ. ಎಕ್ಸ್‌ರೇಯವನು ಹೋದ. ಔಷಧಿ ಅಂಗಡಿಯವನು ಹೋದ. ತರಬೇತಿಗೆ ಬಂದಿದ್ದ ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡು ಗುಂಪಾಗಿ ಹೋದರು. ಗಾಯ ನೋಡುತ್ತೇವೆ ಎಂದು ಹೊದಿಕೆ ಎತ್ತುತ್ತಿದ್ದರು. ಗಾಯ ಕಾಣುವುದಕ್ಕೆ ಎಷ್ಟು ಎತ್ತಬೇಕೋ ಅದಕ್ಕಿಂತ ಮೇಲಕ್ಕೆ ಎತ್ತುತ್ತಿದ್ದರು. ಅವಳು ಎರಡು ಕೈಯಲ್ಲೂ ಹೊದಿಕೆ ಹಿಡಿದು ಮಲಗುತ್ತಿದ್ದಳು. ನಿದ್ದೆ ಬಂದಾಗ ಕೈ ಸಡಿಲವಾದರೆ ಚಲಪತಿ ಬಂದವರಿಗೆ ಸನ್ನೆ ಮಾಡುತ್ತಿದ್ದ. ಇದೂ ನನಗೆ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಆ ಕಡೆಯಿಂದ ವಾಸನೆ ಬಂತು. ಇಪ್ಪತ್ತೆರಡು ವರ್ಷದ ಮೂಗಿಗೆ ಅದು ಏನೆಂದು ಯಾರೂ ಹೇಳಬೇಕಾಗಿಲ್ಲ. ಪಟ್ಟಿ ಬರೆಯುವುದನ್ನು ಬಿಟ್ಟು ಎದ್ದುಹೋದೆ.

ಹೊದಿಕೆ ತೆಗೆಯಲು ಕೈ ಚಾಚಿದೆ. ಅವಳು ಬಿಡಲಿಲ್ಲ.

"ನೀವೂ ನೋಡೋಕ್ ಬಂದ್ರಾ?"

"ಡ್ರೆಸ್ಸಿಂಗ್ ಮಾಡ್ಬೇಕಪ್ಪ."

"ಇವತ್ತು ಮಾಡ್ತೀರಾ? ಯಾಕೆ, ಮಂಚ ಖಾಲಿ ಮಾಡ್ಸೋಕಾ?"

ಮೈ ಕೆಂಡದಂತೆ ಸುಡುತ್ತಿತ್ತು. ತುಟಿ ಒಡೆದಿತ್ತು. ಸುಟ್ಟ ಗಾಯದವರು ನೀರು ಹೆಚ್ಚು ಕುಡಿಯಬೇಕು, ಎಷ್ಟು ಕುಡಿದರು, ಎಷ್ಟು ಮೂತ್ರ ಹೋಯಿತು ಎಂದು ನಾವು ಗಂಟೆ ಲೆಕ್ಕದಲ್ಲಿ ಬರೆಯಬೇಕು. ಮಂಚಕ್ಕೆ ನೇತುಹಾಕಿದ್ದ ಚಾರ್ಟು ನೋಡಿದೆ. ಮಂಗಳವಾರದಿಂದ ಖಾಲಿ.

"ನೀರು ಯಾಕೆ ಕುಡಿದಿಲ್ಲ?"

"ಕುಡಿದ್ರೆ ಹೋಗ್ಬೇಕಲ್ಲ ಸಿಸ್ಟರ್. ಎಲ್ಲಿಗೆ ಹೋಗ್ಲಿ? ಗಂಡಸರ ಕಡೆ ಹೋದ್ರೆ ಹಿಂದೇನೇ ಇಬ್ರು ಬರ್ತಾರೆ, ಚಿಲ್ಕ ಹಾಕೋಕ್ ಬಿಡಲ್ಲ. ಹೆಂಗಸರ ಕಡೆ ಆಯಮ್ಮ ಬೀಗ ಹಾಕ್ಕೊಂಡು ಕೂತವ್ರೆ. ಬೆಡ್‌ಪ್ಯಾನ್ ಕೊಡಿ ಅಂತ ಚಲಪತಿನ ಕೇಳ್ದೆ. ಗಂಡಸ್ರುದು ಬೇಕೋ ಹೆಂಗಸ್ರುದು ಬೇಕೋ, ಮೊದ್ಲು ತೋರ್ಸು ಅಂದ."

ನಾನೇ ಪ್ಯಾನ್ ತಂದುಕೊಟ್ಟೆ, ಪರದೆ ಎಳೆದೆ, ಹೊರಗೆ ಕಾದು ನಿಂತೆ. ಆಮೇಲೆ ಸಲೈನ್ ನೀರು ಹನಿಸಿ ಹನಿಸಿ ಹಳೆಯ ಕಟ್ಟು ನೆನೆಸಿದೆ. ಬಟ್ಟೆ ಮಾಂಸಕ್ಕೆ ಕಚ್ಚಿಕೊಂಡಿತ್ತು. ಬಿಡಿಸಲು ಮುಕ್ಕಾಲು ಗಂಟೆ ಬೇಕಾಯಿತು. ಅವಳು ದಿಂಬಿನ ಮೂಲೆ ಕಚ್ಚಿಕೊಂಡಿದ್ದಳು. ತೊಡೆಯ ಗಾಯದ ಮೇಲೆ ಹಸಿರು ಕೀವು ಕಟ್ಟಿತ್ತು. ಮಂಡಿಯ ಹಿಂದೆ ಚರ್ಮ ಸತ್ತು ಕಪ್ಪಾಗಿತ್ತು. ನೋವಿಗೆ ಕಾಲು ಮಡಚಿಕೊಂಡೇ ನಾಲ್ಕು ದಿನ ಮಲಗಿದ್ದಳು. ಕಾಲು ಚಾಚಿಕೊಂಡು ಮಲಗು ಎಂದು ಹೇಳಬೇಕಾಗಿದ್ದ ನರ್ಸು ಅವಳ ಹತ್ತಿರ ಬಂದೇ ಇರಲಿಲ್ಲ.

"ಸೋಮವಾರ ಕೀವಿತ್ತಾ ಸಿಸ್ಟರ್?"

"ಇರ್ಲಿಲ್ಲ."

"ಕೀವು ಇರೋರಿಗೆ ಕೊನೇಲಿ ಮಾಡೋದು ಅಂತ ಆ ಟ್ರೈನಿಂಗ್ ಹುಡುಗಿ ಹೇಳಿದ್ಲು. ಕೀವಿತ್ತು ಅಂತ ನನ್ನ ಕೊನೇಗ್ ಬಿಟ್ರಾ, ಕೊನೇಗ್ ಬಿಟ್ಟಿದ್ದಕ್ಕೆ ಕೀವಾಯ್ತಾ? ನೀವು ಓದ್ದೋರು. ಹೇಳಿ."

ನನ್ನ ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ನೋಡಿ ಇನ್ನೂ ಸಿಟ್ಟಾದಳು.

"ಅಯ್ಯೋ ಪಾಪ ಅನ್ಬೇಡಿ ನಂಗೆ. ಅಳ್ಬೇಕಾದ್ರೆ ಆ ಕಡೆ ಹೋಗಿ ಅತ್ಕೊಂಡು ಬನ್ನಿ. ಇಲ್ಲಿ ಕೆಲಸ ಮಾಡಿ."

ಡ್ರಿಪ್ ಹಾಕಿದೆ, ಕೆಲಸ ಮಾಡಿದೆ. ಮಾಡುತ್ತಾ ನನಗೆ ನನ್ನಮ್ಮ ನೆನಪಾದಳು. ನಮ್ಮದು ಮಂಡಿಕಲ್ ಹತ್ತಿರದ ಹಳ್ಳಿ, ಊರಾಚೆಯ ಕೇರಿ. ಊರಿನ ಬಾವಿಯನ್ನು ನಮ್ಮವರು ಮುಟ್ಟುವಂತಿರಲಿಲ್ಲ. ಅಮ್ಮ ಬಿಂದಿಗೆ ಕೆಳಗಿಟ್ಟು ಕಟ್ಟೆಯಿಂದ ದೂರ ನಿಲ್ಲುತ್ತಿದ್ದಳು. ಎಲ್ಲರೂ ಸೇದಿಕೊಂಡ ಮೇಲೆ ಯಾರಿಗಾದರೂ ಮನಸ್ಸು ಬಂದರೆ ಮೇಲಿನಿಂದ ಸುರಿಯುತ್ತಿದ್ದರು. ಮನಸ್ಸು ಬಾರದ ದಿನ ಖಾಲಿ ಬಿಂದಿಗೆ ಹೊತ್ತು ಬರುತ್ತಿದ್ದಳು. ಕೇರಿಯವರ ಮೈ ಗಲೀಜು ಎಂದು ಆ ಊರೇ ಆಡಿಕೊಳ್ಳುತ್ತಿತ್ತು. ಸ್ನಾನಕ್ಕೆ ನೀರು ಕೊಡದವರೇ ಆ ಮಾತಾಡುತ್ತಿದ್ದರು. ಅಪ್ಪ ನರಸಿಂಹಪ್ಪ ಅದಕ್ಕೇ ಹಠ ಹಿಡಿದು ನನ್ನನ್ನು ಓದಿಸಿದ. ಮನೆಯ ಗೋಡೆಗೆ ಬುದ್ಧನ ಪಟ ಬಂತು, ಬಾಬಾಸಾಹೇಬರ ಪಟ ಬಂತು. ನಾನು ಬಿಳಿ ಬಟ್ಟೆ ಹಾಕಿಕೊಂಡೆ. ಪಟ್ಟಿ ಬರೆಯುವ ಪೆನ್ನು ನನ್ನ ಕೈಗೆ ಸಿಕ್ಕಿತು. ಸಿಕ್ಕಿದ ಮೇಲೆ ನಾನೂ ಒಬ್ಬಳನ್ನು ದೂರ ನಿಲ್ಲಿಸಿದೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಶನಿವಾರ ಎಂಟು ಗಂಟೆಗೇ ಮುರಳಿಮೋಹನ್ ಕರೆಸಿದರು. ಸೋಮವಾರ ಬೆಂಗಳೂರಿನಿಂದ ತಪಾಸಣೆಯ ತಂಡ ಬರುವುದಿತ್ತು. ಆಸ್ಪತ್ರೆ ಶುಚಿಯಾಗಿದೆ, ಗುಣಮಟ್ಟದ್ದಾಗಿದೆ ಎಂದು ಸರ್ಟಿಫಿಕೇಟು ಕೊಡುವವರು. ಕಾರಿಡಾರಿನಲ್ಲಿ ಮಂಚ ಇದ್ದರೆ ಅಂಕ ಕಡಿಮೆ.

"ಅದನ್ನ ಇವತ್ತೇ ಕಳಿಸಿಬಿಡಿ" ಎಂದರು. ಅದು ಎನ್ನುವುದು ಮಂಚಕ್ಕೋ ಅವಳಿಗೋ ಎಂದು ಅನುಮಾನ ಬರಲಿಲ್ಲ.

"ನೂರಾ ಮೂರು ಜ್ವರ ಇದೆ ಸಾರ್. ಇನ್‌ಫೆಕ್ಷನ್ ಆಗಿದೆ. ಬೆಂಗಳೂರಿಗೆ ರೆಫರ್ ಮಾಡಿ, ಆಂಬುಲೆನ್ಸಲ್ಲಿ ಕಳಿಸೋಣ."

"ರೆಫರ್ ಮಾಡಿದ್ರೆ ಇನ್‌ಫೆಕ್ಷನ್ ಹೇಗಾಯ್ತು ಅಂತ ಬರೀಬೇಕು. ಬೇಡ. ತಂದೆಗೆ ಫೋನ್ ಮಾಡ್ಸಿದ್ದೀನಿ, ಬಂದು ಸೈನ್ ಮಾಡ್ತಾರೆ. ಮನೆಯವರ ಇಚ್ಛೆ ಮೇಲೆ ಹೋದರು ಅಂತ ಹಾಕಿ."

ಹತ್ತು ಗಂಟೆಗೆ ಅವಳ ತಂದೆ ವೆಂಕಟರಾಯಪ್ಪ ಬಂದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಮಂಚದಿಂದ ಹತ್ತು ಹೆಜ್ಜೆ ದೂರದಲ್ಲೇ ನಿಂತ. ಮಗಳು "ನಾಯ್ನಾ" ಎಂದು ಅಪ್ಪನನ್ನು ಕರೆದಳು. ಅವನು ಬಕೆಟ್ಟುಗಳನ್ನು ನೋಡುತ್ತಿದ್ದ. ಚಲಪತಿ ಕಾಗದ ಹಿಡಿದ. ಅವನು ಓದದೆ ಸಹಿ ಹಾಕಿ ಪೆನ್ನು ವಾಪಸು ಕೊಟ್ಟ.

"ಸೈನ್ ಹಾಕಿದೀನಿ ಸಾರ್. ಮನೆಗೆ ಮಾತ್ರ ಕರ್ಕೊಂಡ್ ಹೋಗಲ್ಲ. ಇನ್ನೊಬ್ಬ ಮಗಂದು ಮದ್ವೆ ಮಾತಾಡ್ತಾ ಇದೀವಿ. ಇದನ್ನ ಕಂಡ್ರೆ ಹೆಣ್ಣು ಕೊಡೋರು ಯಾರು?"

"ಮತ್ತೆ ಎಲ್ಲಿಗೆ ಹೋಗುತ್ತೆ?" ಎಂದು ಚಲಪತಿ ಕೇಳಿದ.

"ಎಕ್ಕಡಿಕೈನಾ ಪೋನೀ" ಎಂದ ವೆಂಕಟರಾಯಪ್ಪ. ಎಲ್ಲಿಗಾದರೂ ಹೋಗಲಿ. ಹೇಳಿ ಹೊರಟೇಬಿಟ್ಟ. ಅವನ ಚಪ್ಪಲಿ ಸದ್ದು ಮೆಟ್ಟಿಲವರೆಗೆ ಕೇಳಿಸಿತು.

ಅವಳು ಕೂಗಿದಳು. ಅಪ್ಪನಿಗಲ್ಲ, ಡಾಕ್ಟರಿಗೆ.

"ನಂಗೆ ಹತ್ತೊಂಬತ್ತು ವರ್ಷ ಸಾರ್. ನನ್ನ ಕಾಲಿಗೆ ಅವರ್ಯಾಕೆ ಸೈನ್ ಹಾಕ್ಬೇಕು? ನಾನು ಹಾಕಲ್ಲ. ನಾನು ಹೋಗಲ್ಲ."

ಮುರಳಿಮೋಹನ್ ಅವಳ ಕಡೆ ತಿರುಗಲಿಲ್ಲ. ನನಗೆ ಹೇಳಿದರು.

"ಅನಸೂಯ, ಡ್ರಿಪ್ ಸೂಜಿ ತೆಗೀರಿ. ಚಲಪತಿ ಗೇಟಿನ ತನಕ ಬಿಟ್ಟು ಬರ್ತಾನೆ."

"ತೆಗೆಯಲ್ಲ ಸಾರ್."

"ಏನಂದ್ರಿ?"

"ಸೂಜಿ ತೆಗೆಯಲ್ಲ. ಇಚ್ಛೆಪಟ್ಟು ಹೋದ್ರು ಅಂತ ಬರೆಯಲ್ಲ. ಅವಳಿಗೆ ಹೋಗೋ ಇಚ್ಛೆ ಇಲ್ಲ, ಎಲ್ರ ಎದುರಿಗೇ ಹೇಳಿದ್ಲು."

ಅವಳು ಎಂದಿದ್ದೆ. ಅದು ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಕಾರಿಡಾರಿನಲ್ಲಿ ಜನ ಸೇರಿದ್ದರು. ಮುರಳಿಮೋಹನ್ ಮುಖ ಕೆಂಪಾಯಿತು. ಆ ಮನುಷ್ಯ ಇಪ್ಪತ್ತೆರಡು ವರ್ಷ ನುಂಗಿಕೊಂಡಿದ್ದ ಮಾತನ್ನು ಆವತ್ತು ಉಗುಳಿದರು.

"ನಿಮ್ಮ ಕೇರಿಯವರನ್ನ ಈ ಕುರ್ಚೀಲಿ ಕೂರಿಸಿದ್ದೇ ದೊಡ್ಡದು. ನೆನಪಿಟ್ಕೊಂಡು ಮಾತಾಡಿ."

"ನೀವು ಕೂರಿಸಿಲ್ಲ ಸಾರ್. ಓದಿ ಬಂದು ಕೂತಿದೀನಿ. ಕೂತು ನೀವು ಹೇಳದೆ ಇದ್ರೂ ನಿಮ್ಮ ಕೆಲಸಾನೇ ಮಾಡಿದೀನಿ. ಇನ್ನು ಮಾಡಲ್ಲ."

ಅವರು ಚಲಪತಿಗೆ ಕಣ್ಣು ತೋರಿಸಿದರು. ಅವನು ಮಂಚದ ಕಡೆ ಬಂದ. ನಾನು ಮಧ್ಯೆ ನಿಂತೆ. ಅವನು ನಿಂತ. ಅವನಿಗೆ ನನ್ನ ಮೇಲೆ ಗೌರವ ಇತ್ತೆಂದಲ್ಲ. ಜನ ಫೋನು ಎತ್ತಿ ಹಿಡಿದಿದ್ದರು, ಅದಕ್ಕೆ.

ಮಂಚದ ಒಂದು ಗಾಲಿ ತುಕ್ಕು ಹಿಡಿದಿತ್ತು, ತಿರುಗುತ್ತಿರಲಿಲ್ಲ. ಬಕೆಟ್ಟುಗಳನ್ನು ಕಾಲಿನಿಂದ ಒದ್ದು ಸರಿಸಿ, ಆ ಮೂಲೆಯನ್ನು ಎತ್ತಿ ಎತ್ತಿ ಎಳೆದೆ. ಯಾರೂ ಕೈ ಹಚ್ಚಲಿಲ್ಲ. ಎಪ್ಪತ್ತು ಅಡಿ ಕಾರಿಡಾರು. ಸೊಂಟ ಹಿಡಿದುಕೊಂಡಿತು. ಅವಳು ಒಂದು ಕೈಯಲ್ಲಿ ಡ್ರಿಪ್ ಬಾಟಲಿ ಎತ್ತಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಹೊದಿಕೆ. "ನಿಧಾನ" ಎಂದಳು. ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಹೆಂಗಸರ ವಾರ್ಡಿನಲ್ಲಿ ಗಲಾಟೆ ಎದ್ದಿತು. ಗರ್ಭಕೋಶದ ಆಪರೇಷನ್ನಾಗಿ ಮಲಗಿದ್ದ ಓಬಳಮ್ಮ ಎಲ್ಲರಿಗಿಂತ ಜೋರಾಗಿ ಕೂಗಿದರು. ಅರವತ್ತು ದಾಟಿದ ಹೆಂಗಸು, ದೊಡ್ಡ ಗಂಟಲು.

"ಏನ್ ಸಿಸ್ಟರ್ ಇದು, ಅವಾಂತರ? ಗಂಡಸನ್ನ ತಂದು ಹೆಂಗಸ್ರ ಮಧ್ಯೆ ಮಲಗ್ಸ್‌ತೀರಾ? ನಾವು ಮಾನವಾಗಿ ಇರೋದು ಬೇಡ್ವಾ?"

"ಗಂಡಸಲ್ಲಮ್ಮ. ಇವಳ ಹೆಸರು ಬಿಂದುಶ್ರೀ. ಕಾಲು ಬೆಂದಿದೆ."

"ಹೆಸರಿಟ್ಕೊಂಡ್ ಬಿಟ್ರೆ ಆಗೋಯ್ತಾ?"

ಇಬ್ಬರು ರೋಗಿಗಳ ಮನೆಯವರು ಗಂಟು ಕಟ್ಟಿಕೊಂಡು ಹೊರಟರು. ಒಬ್ಬಾಕೆ ಬಾಗಿಲಲ್ಲಿ ಉಗಿದು ಹೋದಳು. ಓಬಳಮ್ಮ ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದರು. ನಾನು ಕೇಸ್ ಶೀಟಿನಲ್ಲಿ ವಾರ್ಡ್ ಬದಲಾವಣೆ ಎಂದು ಬರೆದು, ನನ್ನ ಹೆಸರು ಹಾಕಿ ಸಹಿ ಮಾಡಿದೆ. ಟ್ರಾಲಿ ತಂದೆ. ಪಟ್ಟಿ ನೋಡಲಿಲ್ಲ. ಕೀವಿನ ಗಾಯಕ್ಕೆ ಬೇರೆ ಟ್ರೇ, ಬೇರೆ ಕೈಗವಸು ಇಟ್ಟುಕೊಂಡರೆ ಯಾರ ಗಾಯವನ್ನು ಯಾವಾಗ ಬೇಕಾದರೂ ಕಟ್ಟಬಹುದು. ಅದನ್ನೂ ಮೊದಲ ವರ್ಷವೇ ಕಲಿಸುತ್ತಾರೆ.

ಮಧ್ಯಾಹ್ನ ಪಾಳಿ ಮುಗಿದರೂ ಮನೆಗೆ ಹೋಗಲಿಲ್ಲ. ಬೇರೆ ರೋಗಿಯ ಚಾರ್ಟು ಬರೆಯುತ್ತಿದ್ದೆ. ಓಬಳಮ್ಮ ಕರೆದರು. ಇನ್ನೂ ಗೋಡೆಗೇ ಮುಖ.

"ಸಿಸ್ಟರ್. ಆ ಹುಡುಗಿ ಒಂದಕ್ಕೆ ಹೋಗ್ಬೇಕಂತ ಒದ್ದಾಡ್ತಾ ಅವಳೆ. ಬಾಯಿಬಿಟ್ಟು ಕೇಳಲ್ಲ. ನೋಡಿ."

ಅಷ್ಟೇ. ಆಮೇಲೂ ಅವರು ಅವಳ ಜೊತೆ ಮಾತಾಡಲಿಲ್ಲ. ಆದರೆ ಹೊದಿಕೆ ಎತ್ತಿ ನೋಡಲು ಎಕ್ಸ್‌ರೇಯವನು ಬಂದಾಗ, ಮಲಗಿದಲ್ಲಿಂದಲೇ ನೀರಿನ ಲೋಟ ತೆಗೆದು ಅವನ ಮುಖಕ್ಕೆ ಎಸೆದರು.

ಸೋಮವಾರ ತಪಾಸಣೆಯವರು ಬಂದರು. ನಾಲ್ಕು ಜನ, ಕೊರಳಿಗೆ ಕಾರ್ಡು. ಹಳದಿ ಬುಟ್ಟಿಯಲ್ಲಿ ಹಳದಿ ಕಸ, ಕೆಂಪು ಬುಟ್ಟಿಯಲ್ಲಿ ಕೆಂಪು ಕಸ ಇದೆಯೇ ಎಂದು ಬಗ್ಗಿ ನೋಡಿದರು. ಕೈ ತೊಳೆಯುವ ಏಳು ಹಂತ ತೋರಿಸಿ ಎಂದು ತರಬೇತಿಯ ಹುಡುಗಿಯನ್ನು ಕೇಳಿದರು. ಅವಳು ತೋರಿಸಿದಳು. ಮೆಟ್ಟಿಲ ಕೆಳಗಿನ ಜಾಗದಲ್ಲಿ ಹೂವಿನ ಕುಂಡ ಇಟ್ಟಿದ್ದರು, ಅದರ ಫೋಟೋ ತೆಗೆದುಕೊಂಡರು. ಹೆಂಗಸರ ವಾರ್ಡಿನಲ್ಲಿ ನಾನು ಬಿಂದುಶ್ರೀಯ ಗಾಯ ಕಟ್ಟುತ್ತಿದ್ದೆ. ಮುರಳಿಮೋಹನ್ ಅವರನ್ನು ಬಾಗಿಲಿಂದಲೇ ತಿರುಗಿಸುತ್ತಿದ್ದರು.

"ಸರ್, ಒಂದು ನಿಮಿಷ ಬನ್ನಿ" ಎಂದು ಬಿಂದುಶ್ರೀ ಕರೆದಳು. "ಈ ಕಾಲು ನೋಡಿ. ಹೋದ ಸೋಮವಾರ ಚೆನ್ನಾಗಿತ್ತು. ಈಗ ಹಿಂಗಾಗಿದೆ. ಇದಕ್ಕೆ ನಿಮ್ಮ ಹಾಳೆಯಲ್ಲಿ ಎಷ್ಟು ಮಾರ್ಕ್ಸು?"

ಅವರಲ್ಲಿ ಒಬ್ಬಾಕೆ ಬಂದು ನೋಡಿದಳು. ಮುಖ ಕಿವುಚಿದಳು. ಏನೋ ಬರೆದುಕೊಂಡಳು. ಏನು ಬರೆದುಕೊಂಡಳೋ ಗೊತ್ತಿಲ್ಲ. ಆಸ್ಪತ್ರೆಗೆ ಸರ್ಟಿಫಿಕೇಟು ಬಂತು, ಈಗ ಗೇಟಿನ ಪಕ್ಕ ಚೌಕಟ್ಟು ಹಾಕಿ ತೂಗುಹಾಕಿದ್ದಾರೆ. ಆದರೆ ಆಕೆ ನೋಡಿದ್ದಕ್ಕೋ ಏನೋ, ಅದೇ ಸಂಜೆ ಬೆಂಗಳೂರಿಗೆ ರೆಫರ್ ಚೀಟಿ ಸಿಕ್ಕಿತು.

ಅಲ್ಲಿ ಸತ್ತ ಮಾಂಸ ಕೆತ್ತಿ ತೆಗೆದರು. ಇನ್ನೊಂದು ತೊಡೆಯಿಂದ ಚರ್ಮ ತೆಗೆದು ಹಾಕಿದರು. ಜೀವ ಉಳಿಯಿತು. ಮಂಡಿ ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ, ಚರ್ಮ ಎಳೆದುಕೊಂಡು ಮಡಚಿಯೇ ನಿಂತಿತು. ಇನ್ನು ಹತ್ತು ತಾಸು ನಿಂತು ನೂಲು ಬಿಚ್ಚುವ ಕೆಲಸ ಅವಳಿಗಿಲ್ಲ. ಆ ಮೂರು ದಿನ ಅವಳ ಹತ್ತಿರ ಟ್ರಾಲಿ ಹೋಗಿದ್ದರೆ ಕಾಲು ಹೀಗಾಗುತ್ತಿರಲಿಲ್ಲ ಎಂದು, ನಾನು ನೋಡಲು ಹೋದಾಗ, ಅಲ್ಲಿನ ಡಾಕ್ಟರು ನನಗೆ ನೇರವಾಗಿ ಹೇಳಿದರು. ಆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಯಾರಿದ್ದರು ಎಂದು ಕೇಳಿದರು. ನಾನೇ ಎಂದೆ.

ನನ್ನ ನೋಟಿಸು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತು. ಪುರುಷ ರೋಗಿಯನ್ನು ಮಹಿಳಾ ವಾರ್ಡಿಗೆ ಅನುಮತಿಯಿಲ್ಲದೆ ಸೇರಿಸಿದ್ದು, ಮೇಲಧಿಕಾರಿಯ ಆದೇಶ ಮೀರಿದ್ದು, ಸಂಸ್ಥೆಯ ಹೆಸರಿಗೆ ಧಕ್ಕೆ ತಂದಿದ್ದು. ಮೂರು ಆರೋಪ. ಗಾಯ ಕಟ್ಟದೆ ಬಿಟ್ಟದ್ದು ಅದರಲ್ಲಿ ಇರಲಿಲ್ಲ. ಎರಡು ಸಲ ಓದಿದೆ, ಇರಲಿಲ್ಲ. ಉತ್ತರದಲ್ಲಿ ಅದನ್ನು ನಾನೇ ಬರೆದುಕೊಟ್ಟೆ. ಮುರಳಿಮೋಹನ್ ಓದಿ ಕಾಗದ ವಾಪಸು ನೂಕಿದರು.

"ಇದು ಬೇಡ. ಈ ಸಾಲು ಹೊಡೆದು ಹಾಕಿ, ಒಂದು ಕ್ಷಮಾಪಣೆ ಬರೆದುಕೊಡಿ. ಮುಂದಿನ ತಿಂಗಳೇ ಡ್ಯೂಟಿಗೆ ಬನ್ನಿ."

ಹೊಡೆದು ಹಾಕಲಿಲ್ಲ. ಕಾಗದ ಅವರ ಮೇಜಿನ ಮೇಲೇ ಬಿಟ್ಟು ಬಂದೆ.

ಎರಡು ತಿಂಗಳಾದ ಮೇಲೆ ಬಿಂದುಶ್ರೀ ಫೋನು ಮಾಡಿದಳು. "ನಾಳೆ ಹನ್ನೊಂದಕ್ಕೆ ಸ್ಟೇಷನ್ ಹತ್ರ ಬನ್ನಿ" ಎಂದಳು. ಬರುತ್ತೀರಾ ಎಂದು ಕೇಳಲಿಲ್ಲ. ನನ್ನ ಗಂಡ ಗಂಗರಾಜು ಕೇಳಿಸಿಕೊಂಡ. "ಸಾಕ್ಷಿ ಹೇಳೋಕೆ ಹೋಗು, ಬೇಡ ಅನ್ನಲ್ಲ. ನಿನ್ನ ಕೊರಳಿಗೆ ನೀನೇ ಹಗ್ಗ ಹಾಕ್ಕೊಂಡು ಬರ್ಬೇಡ" ಎಂದ.

ಅವಳು ಊರುಗೋಲು ಹಿಡಿದು ಬಂದಿದ್ದಳು. ನೀಲಿ ಸೀರೆ ಉಟ್ಟಿದ್ದಳು, ಜೊತೆಗೆ ಯಾರೂ ಇರಲಿಲ್ಲ. ದೂರು ಬರೆದುಕೊಳ್ಳುವ ಭಾನುಪ್ರಕಾಶ್ ಅನ್ನುವ ಹೆಡ್ ಕಾನ್ಸ್‌ಟೇಬಲ್ ಮೊದಲು ಅರ್ಧ ಗಂಟೆ ನಮ್ಮನ್ನು ನಿಲ್ಲಿಸಿದ. ಆಮೇಲೆ ಅವಳ ಸೀರೆ ನೋಡಿ ನಕ್ಕ. ಅವಳು ನಾಲ್ಕು ಪುಟದ ದೂರು ಮೇಜಿನ ಮೇಲಿಟ್ಟಳು. ಟ್ರಾನ್ಸ್‌ಜೆಂಡರ್ ಕಾಯ್ದೆಯ ಕಲಮುಗಳನ್ನು ಕೆಳಗೆ ಬರೆದಿದ್ದಳು. ಅವನಿಗೆ ನಗು ನಿಂತಿತು. ಹೆಸರುಗಳ ಮೇಲೆ ಬೆರಳಿಟ್ಟು ಓದತೊಡಗಿದ. ಶೆಡ್ಡಿನ ಮೂವರು, ಚಲಪತಿ, ಡಾಕ್ಟರ್ ಮುರಳಿಮೋಹನ್. ಬೆರಳು ಆರನೆಯ ಹೆಸರಿನ ಮೇಲೆ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದ.

"ಅನಸೂಯ ಅಂದ್ರೆ ನೀವೇ ಅಲ್ವೇನಮ್ಮ? ನಿಮ್ಮ ಕೆಲಸಾನೇ ಹೋಯ್ತಂತೆ ಇದಕ್ಕೋಸ್ಕರ. ನಿಮ್ಮ ಮೇಲೇ ಬರ್ದೈತಲ್ಲ ಇದು!" ಬಿಂದುಶ್ರೀ ಕಡೆ ತಿರುಗಿದ. "ಏಯ್, ಇವರು ನಿನ್ ಪರ ಬಂದವ್ರೆ. ಸಾಕ್ಷಿ ಪಟ್ಟೀಲೂ ಇವರ ಹೆಸರೇ, ಆರೋಪಿ ಪಟ್ಟೀಲೂ ಇವರ ಹೆಸರೇ. ಒಂದು ಹೇಳು. ಆ ಕಡೇನೋ ಈ ಕಡೇನೋ?"

ಬಿಂದುಶ್ರೀ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ನಾನು ಏನು ಹೇಳುತ್ತೇನೆಂದು ಅವಳಿಗೆ ನೋಡಬೇಕಾಗಿತ್ತು, ಅಷ್ಟೇ.

ಭಾನುಪ್ರಕಾಶ್ ನನಗೆ ಕುರ್ಚಿ ತೋರಿಸಿದ. "ಕೂತ್ಕೊಳ್ಳಮ್ಮ. ಆ ಆರನೇ ಹೆಸರು ಹೊಡೆದು ಹಾಕಿಬಿಡ್ತೀನಿ. ಬುದ್ಧಿ ಇಲ್ದೆ ಬರ್ದೈತೆ."

ನಾನು ಕೂರಲಿಲ್ಲ.

"ಎರಡೂ ಕಡೆ ಇರ್ಲಿ ಸಾರ್. ಡಾಕ್ಟರು ಅವಳನ್ನ ಹೊರಗೆ ಹಾಕ್ಸೋಕೆ ಹೇಳಿದ್ದನ್ನ ನಾನು ಕಣ್ಣಾರೆ ಕಂಡಿದೀನಿ, ಅದಕ್ಕೆ ಸಾಕ್ಷಿ. ಮೂರು ದಿನ ಅವಳ ಗಾಯ ಕಟ್ಟದೆ ಬಿಟ್ಟೋಳು ನಾನು. ಬಿಡು ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ಅದನ್ನೂ ಬರ್ಕೊಳ್ಳಿ."